ಆಟೀನಿನ ಎಕ್ಕ

ಆ ಶನಿವಾರ ಮಧ್ಯಾಹ್ನ ಊಟಿಯಲ್ಲಿ ಮಳೆ ಬರುತ್ತಲೂ ಇರಲಿಲ್ಲ, ನಿಂತೂ ಇರಲಿಲ್ಲ. ಆಷಾಢದಲ್ಲಿ ನಮ್ಮಲ್ಲಿ ಹೀಗೇ. ಮೋಡ ಬೀದಿಗೇ ಇಳಿದು ಅಂಗಡಿಗಳ ಒಳಗೆಲ್ಲ ಓಡಾಡುತ್ತದೆ. ಮಾದಾ ಗೌಡರ ಉರುಳಗಡ್ಡೆ ಗೋಡೌನಿನ ಅಟ್ಟದ ಮೇಲೆ ನಾವು ನಾಲ್ವರು ಕಂಬಳಿ ಹೊದ್ದು ಬ್ರಿಜ್ ಆಡುತ್ತಿದ್ದೆವು. ನಾನು, ನನ್ನ ಅಣ್ಣಯ್ಯ, ಗೌಡರು, ಅಂಚೆ ಕಚೇರಿಯ ಮುದಲಿಯಾರರು. ಅಣ್ಣಯ್ಯ ಪೇಟೆಯ ಒಂದು ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ನಾನು ಗೌಡರ ಹತ್ತಿರ ಬಿತ್ತನೆ ಗಡ್ಡೆ ಆರಿಸಿ ಮೂಟೆ ಕಟ್ಟಿಸುವ ಕೆಲಸದಲ್ಲಿದ್ದೆ, ಈಗಲೂ ಇದ್ದೇನೆ.

ಎಲೆ ಹಾಕುವ ಮುಂಚೆ ನಾನು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದೆ. ಗೌಡರು ಸುಮ್ಮನಿರಲಾರರು.

"ಏನು ಸಿದ್ದಪ್ಪಾ, ಎಲೆ ಮೂಸಿ ನೋಡ್ತಿದೀಯಾ? ಕೊಳೆತದ್ದು ಇದ್ರೆ ಪಕ್ಕಕ್ಕೆ ಹಾಕು, ಗಡ್ಡೆ ಬಂದ ಸೋಲೂರಿಗೇ ವಾಪಸು ಕಳಿಸೋಣ."

"ಅವನು ಮೂಸಲಿ ಬಿಡಿ ಗೌಡರೇ. ನೀವು ಮೂಸದೇ ಹಾಕಿ ಮೂರು ಸುತ್ತು ಕಳಕೊಂಡ್ರಲ್ಲ," ಎಂದ ಅಣ್ಣಯ್ಯ.

ಮುದಲಿಯಾರರು ನಕ್ಕು ಮೂಗಿಗೆ ನಶ್ಯ ಏರಿಸಿದರು. ಅಣ್ಣಯ್ಯನೂ ನಕ್ಕ, ನಗು ಕೆಮ್ಮಾಯಿತು, ಕೆಮ್ಮು ನಿಂತಿತು. ಅದೊಂದು ಸಾಮಾನ್ಯ ಶನಿವಾರ. ಬೇರೆ ಯಾವ ಯೋಚನೆಯೂ ಇಲ್ಲದೆ ನಾವು ಎಲೆ ಹಾಕಿದ್ದು ಅದೇ ಕೊನೆ.

ಅದಾಗಿ ಎರಡು ವರ್ಷವಾಯಿತು. ಹೋದ ವಾರ ಗೌಡರು ಒಂದು ಬಂಗಲೆಗೆ ಮೂಟೆ ಹಾಕಿಸಿ ಬರಲು ನನ್ನನ್ನು ಕಳಿಸಿದರು. ಕೆರೆಯ ಮೇಲುಗಡೆ ಇರುವ ಬಂಗಲೆ. ಈಗ ಅಲ್ಲಿ ಬೇರೆ ಯಾರೋ ಬಾಡಿಗೆಗಿದ್ದಾರೆ. ಹೊಗೆಗೂಡಿನಿಂದ ಕರ್ಪೂರ ಮರದ ಹೊಗೆ ಬರುತ್ತಿತ್ತು. ಬಯಲಿನವರು ನೀಲಗಿರಿ ಮರ ಅನ್ನುವುದನ್ನೇ ನಾವು ಕರ್ಪೂರ ಮರ ಅನ್ನುವುದು. ಹಸಿ ಸೌದೆ ಉರಿದರೆ ಅದರ ವಾಸನೆ ಎದೆಯ ತಳಕ್ಕೆ ಹೋಗುತ್ತದೆ. ಆಳುಗಳು ಮೂಟೆ ಇಳಿಸಿ ಬರುವವರೆಗೂ ನಾನು ಗೇಟಿನ ಹೊರಗೆ ನಿಂತಿದ್ದೆ. ಅಣ್ಣಯ್ಯ ಹೋದ ಮೇಲೆ ಇದು ಎರಡನೆಯ ಮಳೆಗಾಲ. ಇದುವರೆಗೆ ಯಾರಿಗೂ ಹೇಳದೆ ಇದ್ದುದನ್ನು ಬರೆದಾದರೂ ಇಡೋಣ ಎನಿಸಿತು.

ನಮ್ಮ ತಂದೆ ಗುಂಡ್ಲುಪೇಟೆ ಕಡೆಯಿಂದ ರಾಗಿ ಮೂಟೆಯ ಗಾಡಿಯ ಜೊತೆ ಬೆಟ್ಟ ಹತ್ತಿ ಬಂದು ಇಲ್ಲೇ ಉಳಿದವರು. ಚಳಿ ನನಗೆ ಒಗ್ಗಿತು, ಅಣ್ಣಯ್ಯನಿಗೆ ಒಗ್ಗಲಿಲ್ಲ. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ಆ ಶನಿವಾರದ ಹಿಂದಿನ ಚಳಿಗಾಲದಲ್ಲಿ, ಬೆಳಗಿನ ಹೊತ್ತು ಹುಲ್ಲೆಲ್ಲ ಹಿಮ ಕಟ್ಟಿ ಬೆಳ್ಳಗಾಗುವ ದಿನಗಳಲ್ಲಿ, ಅವನು ಕಿಟಕಿಯ ಕಂಬಿ ಹಿಡಿದು ಕೂತು ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಎಳೆಯುತ್ತಿದ್ದ. ಆ ಜುಲೈನಲ್ಲಿ ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ ನನ್ನನ್ನು ಹೊರಗೆ ಕರೆದರು.

"ಇನ್ನೊಂದು ಚಳಿಗಾಲ ಈ ಬೆಟ್ಟದ ಮೇಲೆ ಬೇಡ. ಕೆಳಗೆ ಕರಕೊಂಡು ಹೋಗಿ. ಸಮುದ್ರದ ಕಡೆ ಆದರೆ ಇನ್ನೂ ಒಳ್ಳೇದು."

ಕೆಳಗೆ ಹೋಗುವುದಕ್ಕೆ ಅಲ್ಲೊಂದು ಕೆಲಸ ಬೇಕಲ್ಲ. ಅಣ್ಣಯ್ಯ ಎರಡು ವರ್ಷದಿಂದ ಬಯಲಿನ ಶಾಲೆಗಳಿಗೆ ಕಾಗದ ಬರೆಯುತ್ತಲೇ ಇದ್ದ. ಒಂದಕ್ಕೂ ಉತ್ತರ ಬಂದಿರಲಿಲ್ಲ.

ಆ ಸಾಮಾನ್ಯ ಶನಿವಾರದ ಮುಂದಿನ ಶನಿವಾರ ಅಟ್ಟದ ಏಣಿಯ ಮೇಲೆ ಊರುಗೋಲಿನ ಸದ್ದಾಯಿತು. ಬಂದವರು ಬಳ್ಳಾರಿ ಕಡೆಯ ಒಬ್ಬ ರಾಯರು. ಮದರಾಸಿನಲ್ಲಿ ದೊಡ್ಡ ಎಂಜಿನಿಯರಾಗಿದ್ದು ನಿವೃತ್ತಿಯಾಗಿದ್ದವರು, ಆ ವರ್ಷ ಬೇಸಿಗೆಗೆ ಬಂದು ಮಳೆಗಾಲಕ್ಕೂ ಉಳಿದುಕೊಂಡಿದ್ದರು. ಕೆರೆಯ ಮೇಲುಗಡೆಯ ಅವರ ಬಂಗಲೆಗೆ ಗಡ್ಡೆ ಹಾಕುತ್ತಿದ್ದ ಗೌಡರು, ನಮ್ಮ ಮೇಷ್ಟ್ರು ಆಡಿದರೆ ಎದುರಿನವರ ಎಲೆ ಗಾಜಿನ ಹಾಗೆ ಕಾಣುತ್ತೆ ಅಂತ ಎಲ್ಲೋ ಹೇಳಿಬಿಟ್ಟಿದ್ದರು.

ರಾಯರು ಒಂದು ಮೂಟೆಯ ಮೇಲೆ ಕೂತು ಎರಡು ಗಂಟೆ ನೋಡಿದರು. ಏಳುವಾಗ ಅಣ್ಣಯ್ಯನನ್ನು ಕೇಳಿದರು:

"ಎಲ್ಲಿ ಕಲಿತ್ರಿ ಮೇಷ್ಟ್ರೇ, ಈ ಆಟ?"

"ಹರಿದ ಪುಸ್ತಕ ಒಂದಿತ್ತು ಸ್ವಾಮಿ. ಕೊನೇ ಅಧ್ಯಾಯ ಇರಲಿಲ್ಲ. ಅದನ್ನ ನಾವೇ ಬರಕೊಂಡ್ವಿ."

ರಾಯರಿಗೆ ಆ ಮಾತು ಹಿಡಿಸಿತು. ಇಳಿಯುವ ಮೊದಲು ಗೌಡರಿಂದ ಎಲ್ಲ ಕೇಳಿ ತಿಳಿದುಕೊಂಡರೆಂದು ಕಾಣುತ್ತದೆ. ಮುಂದಿನ ವಾರ ಬಂದಾಗ ನೇರವಾಗಿ ಹೇಳಿದರು. ಮದರಾಸಿನಲ್ಲಿ ಅವರ ಸ್ನೇಹಿತರ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟ್ರ ಜಾಗ ಖಾಲಿಯಾಗುತ್ತದೆ. ಇಂಥವರನ್ನು ತೆಗೆದುಕೊಳ್ಳಿ ಎಂದು ರಾಯರು ಹೇಳಿದರೆ ಆಯಿತು.

"ಆದರೆ ನಾನು ಅರ್ಜಿ ನೋಡಿ ಹೇಳೋವನಲ್ಲ. ಸೆಪ್ಟೆಂಬರಿನಲ್ಲಿ ಮದರಾಸಿನಿಂದ ನನ್ನ ಸ್ನೇಹಿತ ಡಾಕ್ಟರೊಬ್ಬರು ಬರ್ತಾರೆ. ನೀವಿಬ್ಬರು, ನಾವಿಬ್ಬರು. ಹನ್ನೆರಡು ಆಟ. ಮನುಷ್ಯ ಹೇಗೆ ಯೋಚನೆ ಮಾಡ್ತಾನೆ ಅಂತ ನನಗೆ ಹನ್ನೆರಡು ಆಟದಲ್ಲಿ ಗೊತ್ತಾಗ್ತದೆ. ಗೆಲ್ಲಿ ಅಂತ ಹೇಳ್ತಿಲ್ಲ. ಯೋಚನೆ ತೋರಿಸಿ."

ಅವತ್ತು ಸಂಜೆ ಅತ್ತಿಗೆ ಇದನ್ನು ಕೇಳಿ ಒಲೆಯ ಮುಂದೆಯೇ ಕೂತುಬಿಟ್ಟರು.

"ಇಸ್ಪೀಟು ಆಡ್ತೀರಿ ಅಂತ ಎಷ್ಟು ಬೈದಿದ್ದೀನಿ ನಿಮ್ಮನ್ನ. ಇನ್ನು ಬೈಯಲ್ಲ, ಆಡಿ. ಸಿದ್ದಪ್ಪ, ನೀನೂ ಸರಿಯಾಗಿ ಆಡಪ್ಪ. ಇವರು ಕೆಳಗಿಳೀಲಿ."

ಆಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ನಾಲ್ವರಿಗೆ ತಲಾ ಹದಿಮೂರು ಎಲೆ, ಎದುರುಬದುರು ಕೂತವರು ಜೋಡಿ. ಇಸ್ಪೀಟು, ಆಟೀನು, ಡೈಮನ್, ಕಳಾವರು ಎಂಬ ನಾಲ್ಕು ಜಾತಿಯಲ್ಲಿ ಒಂದು ತುರುಫು, ಅದು ಉಳಿದೆಲ್ಲದರ ಮೇಲೆ, ಆಡಿದ ಜಾತಿಯ ಎಲೆ ಕೈಯಲ್ಲಿರುವವರೆಗೆ ಅದನ್ನೇ ಹಾಕಬೇಕು. ಇಷ್ಟು ಸುತ್ತು ಗೆಲ್ಲುತ್ತೇವೆ ಎಂದು ಒಂದು ಜೋಡಿ ಮಾತು ಕೊಡಬೇಕು. ಆಮೇಲೆ ಆ ಜೋಡಿಯಲ್ಲಿ ಒಬ್ಬನೇ ಆಡುವುದು. ಇನ್ನೊಬ್ಬ ತನ್ನ ಎಲೆಗಳನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಸಾಲಾಗಿ ಬಿಚ್ಚಿಟ್ಟು ಸುಮ್ಮನಾಗುತ್ತಾನೆ. ಅವನು ಡಮ್ಮಿ. ಆಡುವವನೇ ಕೈಚಾಚಿ ಡಮ್ಮಿಯ ಎಲೆಗಳನ್ನೂ ಆಡುತ್ತಾನೆ. ಡಮ್ಮಿ ಬಾಯಿ ಬಿಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಎದುರಾಳಿಯ ಕೈ ನೋಡುವಂತಿಲ್ಲ. ನಮ್ಮ ಅಟ್ಟದಲ್ಲಿ ಡಮ್ಮಿಗೆ ಒಂದು ಕೆಲಸವಿತ್ತು, ಎದ್ದು ಹೋಗಿ ಅಗ್ಗಿಷ್ಟಿಕೆಗೆ ಸೌದೆ ಹಾಕುವುದು. ಸುಮ್ಮನೆ ಕೂರುವವನು ಅವನೊಬ್ಬನೇ ಆದ್ದರಿಂದ ಯಾರೂ ಹೇಳದೆಯೇ ಈ ಪದ್ಧತಿ ಬಂದಿತ್ತು. ಅಣ್ಣಯ್ಯ ಅದಕ್ಕೊಂದು ಕಟ್ಟು ಮಾಡಿದ್ದ: "ಬೆಂಕಿಗೆ ಹೋಗೋನ ಕಣ್ಣು ಬೆಂಕಿ ಮೇಲೆ."

ಆಗಸ್ಟ್ ತಿಂಗಳೆಲ್ಲ ಅವನು ನನಗೆ ಒಂದೇ ಪಾಠ ಹೇಳಿದ. ಶಾಲೆಯಿಂದ ಬಂದವನು ಕೋಟು ಕಳಚದೆ ಗೋಡೌನಿನಲ್ಲೇ ಮೂಟೆಯ ಮೇಲೆ ಎಲೆ ಹರಡುತ್ತಿದ್ದ. ಎದುರಾಳಿಯನ್ನು ಇಕ್ಕಟ್ಟಿಗೆ ಸಿಕ್ಕಿಸುವ ಪಾಠ ಅದು. ಇಂಗ್ಲಿಷಿನಲ್ಲಿ ಅದಕ್ಕೆ ಸ್ಕ್ವೀಜ್ ಅನ್ನುತ್ತಾರೆ.

"ನೋಡು ಸಿದ್ದು. ಇವನ ಕೈಯಲ್ಲಿ ಆಟೀನಿನ ರಾಜ ಇದಾನೆ, ಕಳಾವರಿನ ರಾಣಿ ಇದಾಳೆ. ಎರಡು ಬಾಗಿಲು, ಕಾವಲು ಒಬ್ಬನೇ. ನಾನು ತುರುಫು ಒಂದೊಂದೇ ಬಿಡ್ತಾ ಹೋಗ್ತೀನಿ. ಪ್ರತಿ ಸುತ್ತಿಗೂ ಇವನು ಒಂದು ಎಲೆ ಕೊಡಲೇಬೇಕು. ಕೊಡೋಕೆ ಬೇಡದ ಎಲೆ ಇರೋ ತನಕ ನಗ್ತಾನೆ. ಆಮೇಲೆ?"

"ಒಂದು ಬಾಗಿಲು ಬಿಡಬೇಕು."

"ಯಾವುದು ಬಿಟ್ರೂ ನಾವು ಅದರಲ್ಲೇ ಒಳಗೆ ಹೋಗೋದು. ಆದ್ರೆ ಎರಡು ವಿಷಯ. ನಾವು ಕಳಕೊಳ್ಳಲೇಬೇಕಾದ ಸುತ್ತು ಒಂದಿದ್ರೆ ಮೊದಲೇ ಕಳಕೊಂಡುಬಿಡ್ಬೇಕು. ಇಲ್ಲದಿದ್ರೆ ಅವನ ಕೈಯಲ್ಲಿ ಒಂದು ಎಲೆ ಸಡಿಲ ಉಳೀತದೆ, ಇಕ್ಕಟ್ಟು ಬಿಗಿಯಲ್ಲ. ಇನ್ನೊಂದು, ಇದು ನೋಡು."

ಅವನು ಡಮ್ಮಿಯಲ್ಲಿದ್ದ ಆಟೀನಿನ ಎಕ್ಕವನ್ನು ಎತ್ತಿ ಮೊದಲೇ ಆಡಿಬಿಟ್ಟ. ನನಗೆ ಅರ್ಥವಾಗಲಿಲ್ಲ.

"ಎಕ್ಕ ಹೋದ್ರೆ ಅವನ ರಾಜನೇ ದೊಡ್ಡವನಾಗ್ಲಿಲ್ವಾ ಅಣ್ಣಯ್ಯ? ನಾವೇ ಅವನಿಗೆ ಪಟ್ಟ ಕಟ್ಟಿದಂಗಾಯ್ತು."

"ನೋಡೋರಿಗೆ ಹಾಗೇ ಕಾಣಬೇಕು. ಆದ್ರೆ ನನ್ನ ಕೈಯಲ್ಲಿ ಆಟೀನಿನ ರಾಣಿ ಇದಾಳೆ. ಎಕ್ಕ ಅಲ್ಲೇ ಕೂತಿದ್ರೆ ಅವಳಿಗೆ ಎಕ್ಕವೇ ಅಡ್ಡ. ಎಕ್ಕ ಎದ್ದು ಹೋಯ್ತಾ, ಇವನು ರಾಜನನ್ನ ಎಸೆದ ಕೂಡಲೇ ಅವಳು ಎದ್ದು ನಿಲ್ತಾಳೆ."

ನಾನು ಮಂದಬುದ್ಧಿಯವನಲ್ಲ, ನಿಧಾನ. ಇಪ್ಪತ್ತು ಸಲ ಹರಡಿದ ಮೇಲೆ ಒಂದು ದಿನ ಕೆಲಸದ ನಡುವೆ, ಗಡ್ಡೆಗಳನ್ನು ಆರಿಸುತ್ತಿರುವಾಗ, ಇಡೀ ಲೆಕ್ಕ ಒಮ್ಮೆಲೇ ಕಣ್ಣ ಮುಂದೆ ಬಂತು. ಸಂಜೆ ಅವನಿಗೆ ತಪ್ಪಿಲ್ಲದೆ ಆಡಿ ತೋರಿಸಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ನನಗಾಗ ಇಪ್ಪತ್ತಾರು ವರ್ಷ.

ಸೆಪ್ಟೆಂಬರಿನ ಒಂದು ಭಾನುವಾರ ಊಟ ಮುಗಿಸಿ ಹೊರಟೆವು. ಹಿಂದಿನ ವಾರದಿಂದ ಗಾಳಿ ತಿರುಗಿತ್ತು, ಅಣ್ಣಯ್ಯನ ಎದೆಯಲ್ಲಿ ಸಣ್ಣಗೆ ಶಿಳ್ಳೆ ಶುರುವಾಗಿತ್ತು. ಬಂಗಲೆಯ ಏರು ಹತ್ತುವಾಗ ಎರಡು ಕಡೆ ನಿಂತ. ನಿಂತಾಗಲೆಲ್ಲ ಕೆರೆ ನೋಡುತ್ತಿರುವವನ ಹಾಗೆ ನಟಿಸಿದ. ಅತ್ತಿಗೆ ಒಗೆದು ಮಡಿಚಿಟ್ಟಿದ್ದ ಕೋಟು ಹಾಕಿಕೊಂಡಿದ್ದ. "ಗೆದ್ದು ಬನ್ನಿ" ಅನ್ನಬಾರದೆಂದು ಅವರೇ ತೀರ್ಮಾನಿಸಿಕೊಂಡು "ಕೊಡೆ ತಗೊಂಡ್ರಾ?" ಎಂದಷ್ಟೇ ಕೇಳಿದ್ದರು.

ಮೇಜಿನ ಒಂದು ಕಡೆ ಅಣ್ಣಯ್ಯ, ಎದುರಿಗೆ ನಾನು. ಅಣ್ಣಯ್ಯನ ಎಡಗಡೆ ರಾಯರು, ಬಲಗಡೆ ಡಾಕ್ಟರು. ಡಾಕ್ಟರು ದಪ್ಪಗೆ ನಿಧಾನವಾಗಿದ್ದ ಮುದುಕರು. ಎಲೆಗಳನ್ನು ಎದೆಗೆ ಒತ್ತಿ ಹಿಡಿಯದೆ ಮಡಿಲ ಹತ್ತಿರ ಸಡಿಲವಾಗಿ ಹಿಡಿಯುತ್ತಿದ್ದರು. ಅವರ ಬೆನ್ನ ಹಿಂದೆಯೇ ಬೆಂಕಿಯ ಗೂಡು.

ಮೊದಲ ಐದು ಆಟದಲ್ಲಿ ನಾವು ಹಿಂದೆ ಬಿದ್ದೆವು, ಎಲ್ಲ ನನ್ನಿಂದಲೇ. ಆರರಿಂದ ಅಣ್ಣಯ್ಯ ಹಿಡಿದ. ಎಂಟನೆಯದನ್ನು ಅವನು ಮುಗಿಸಿದಾಗ ರಾಯರು ಎಲೆ ಕೆಳಗಿಟ್ಟು, "ಭೇಷ್" ಎಂದರು. ಹನ್ನೊಂದು ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಸಮ. ಹೊರಗೆ ಮಳೆ ಬಲವಾಯಿತು. ಕೋಣೆಯ ತೇವಕ್ಕೆ ಅಣ್ಣಯ್ಯನ ಉಸಿರು ಮೇಜಿನ ಈಚೆಗೂ ಕೇಳಿಸುತ್ತಿತ್ತು.

"ಕೊನೇದು," ಎಂದರು ರಾಯರು, ಎಲೆ ಹಂಚುತ್ತ. "ಮೇಷ್ಟ್ರೇ, ಬೇಕಾದರೆ ಸ್ವಲ್ಪ ಸುಧಾರಿಸಿಕೊಳ್ಳಿ."

"ಬೇಡ ಸ್ವಾಮಿ. ಕೂತಷ್ಟೂ ಕಷ್ಟ."

ನನ್ನ ಕೈಯಲ್ಲಿ ತುಂಬ ದೊಡ್ಡ ಎಲೆಗಳು ಬಂದಿದ್ದವು. ನಾವು ಮಾತು ಏರಿಸುತ್ತ ಹೋದೆವು. ಕೊನೆಗೆ ಅಣ್ಣಯ್ಯ ಆರು ಇಸ್ಪೀಟು ಎಂದ. ಅಂದರೆ ಇಸ್ಪೀಟು ತುರುಫು, ಹದಿಮೂರು ಸುತ್ತಿನಲ್ಲಿ ಹನ್ನೆರಡು ಗೆಲ್ಲಬೇಕು, ಒಂದನ್ನು ಮಾತ್ರ ಬಿಡಬಹುದು. ರಾಯರು ಡೈಮನ್ನಿನ ರಾಣಿಯನ್ನು ಆಡಿದರು. ನಾನು ಡಮ್ಮಿಯಾಗಿ ಎಲೆ ಬಿಚ್ಚಿಟ್ಟೆ. ಸಣ್ಣ ತುರುಫು ಎರಡು. ಎಕ್ಕ ಸೇರಿ ಆಟೀನು ಮೂರು. ಎಕ್ಕ, ರಾಜ ಸೇರಿ ಡೈಮನ್ ನಾಲ್ಕು. ಕಳಾವರಿನಲ್ಲಿ ಎಕ್ಕ, ರಾಜ, ಗುಲಾಮ, ಒಂದು ಸಣ್ಣದು. ಅಣ್ಣಯ್ಯನ ಕೈಯಲ್ಲಿ ಮೇಲಿನ ಆರೂ ತುರುಫು ಇದ್ದವು. ಹನ್ನೊಂದು ಸುತ್ತು ಖಚಿತ. ಹನ್ನೆರಡನೆಯದನ್ನು ಎಲ್ಲಿಂದಾದರೂ ಹುಟ್ಟಿಸಬೇಕು.

ಸುಲಭದ ದಾರಿ ಒಂದಿತ್ತು. ಕಳಾವರಿನ ರಾಣಿ ಎಡಗಡೆ ರಾಯರ ಬಳಿ ಇದೆಯೆಂದು ನಂಬಿ, ಡಮ್ಮಿಯ ಗುಲಾಮನನ್ನು ಹಾಕುವುದು. ನಂಬಿಕೆ ನಿಜವಾದರೆ ಗುಲಾಮ ಗೆಲ್ಲುತ್ತಾನೆ. ರಾಣಿ ಬಲಗಡೆ ಡಾಕ್ಟರ ಬಳಿ ಇದ್ದರೆ ಸೋಲು. ಕಷ್ಟದ ದಾರಿ ಆಗಸ್ಟ್ ತಿಂಗಳ ಪಾಠ.

ಅಣ್ಣಯ್ಯ ಡಮ್ಮಿಯಿಂದ ಸಣ್ಣ ಡೈಮನ್ ಹಾಕಿ ಆ ಮೊದಲ ಸುತ್ತನ್ನು ಬಿಟ್ಟುಕೊಟ್ಟ. ಬಿಡಬಹುದಾಗಿದ್ದ ಒಂದೇ ಸುತ್ತು ಹೋಯಿತು. ಇಕ್ಕಟ್ಟಿಗೆ ತಯಾರಿ ಮಾಡುತ್ತಿದ್ದಾನೆ ಅಂದುಕೊಂಡೆ. ಆದರೆ ಅದನ್ನು ಬಿಡಲು ಇನ್ನೊಂದು ಕಾರಣವೂ ಇರಬಹುದಿತ್ತು. ಎದುರಿನವರ ಡೈಮನ್‌ಗಳು ಮೂರು ಮೂರಾಗಿ ಹಂಚಿದ್ದರೆ ಡಮ್ಮಿಯ ನಾಲ್ಕನೆಯ ಸಣ್ಣ ಡೈಮನ್ನೇ ಕೊನೆಗೆ ಗೆಲ್ಲುತ್ತದೆ. 

ರಾಯರು ಮುಂದೇನು ಆಡಲೆಂದು ಯೋಚಿಸುತ್ತ ಕೂತರು. ಬೆಂಕಿ ಇಳಿಯುತ್ತಿತ್ತು. ಅದು ನನ್ನ ಮನೆಯಲ್ಲ, ನಮ್ಮ ಅಟ್ಟವಲ್ಲ, ಬೆಂಕಿ ನೋಡಲು ರಾಯರ ಆಳು ಬಾಗಿಲಲ್ಲೇ ಇದ್ದ. ಆದರೂ ನಾನು ಎದ್ದೆ. ಡಮ್ಮಿಯಾದರೆ ಏಳುವುದು ಕಾಲಿಗೆ ರೂಢಿಯಾಗಿತ್ತು. ಡಾಕ್ಟರ ಹಿಂದೆ ಹೋಗಿ ಎರಡು ಸೌದೆ ಹಾಕಿ ತಿರುಗಿದೆ.

ಮೊದಲ ಸಲ ಅದು ಕಣ್ಣಿಗೆ ಬಿತ್ತು. ಎರಡನೆಯ ಸಲ ನಾನು ನೋಡಿದೆ. ಸೌದೆ ಸರಿಮಾಡುವ ನೆವದಲ್ಲಿ ಮತ್ತೆ ಬಗ್ಗಿ, ಡಾಕ್ಟರ ಹೆಗಲ ಮೇಲಿನಿಂದ ನೋಡಿದೆ. ಆಟೀನಿನ ರಾಜ. ಕಳಾವರಿನ ರಾಣಿ, ಜೊತೆಗೆ ಎರಡು ಸಣ್ಣದು. ಎರಡೂ ಬಾಗಿಲು ಅವರೊಬ್ಬರ ಕೈಯಲ್ಲಿ.

ಬಂದು ಕೂತೆ. ರಾಯರು ಮತ್ತೆ ಡೈಮನ್ ಆಡಿದರು. ಅಣ್ಣಯ್ಯ ಡಮ್ಮಿಯ ರಾಜನಿಂದ ಗೆದ್ದು, ಎಕ್ಕವನ್ನೂ ಆಡಿದ. ಮೂರನೆಯ ಆ ಸುತ್ತಿಗೆ ಡಾಕ್ಟರ ಬಳಿ ಡೈಮನ್ ಇರಲಿಲ್ಲ, ಸಣ್ಣ ಆಟೀನು ಎಸೆದರು. ಸಣ್ಣ ಡೈಮನ್ನಿನ ಆಸೆ ಅಲ್ಲಿಗೆ ಮುಗಿಯಿತು. ಈಗ ಡಮ್ಮಿಯಿಂದ ಆಡಬೇಕು. ಈಗಲೇ ಆಟೀನಿನ ಎಕ್ಕ ಆಡಿದರೆ ಇಕ್ಕಟ್ಟಿನ ದಾರಿ. ತುರುಫು ಆಡಿ ಆಟವನ್ನು ತನ್ನ ಕೈಗೆ ತಂದುಕೊಂಡರೆ ಗುಲಾಮನ ಜೂಜಿನ ದಾರಿ.

ಅಣ್ಣಯ್ಯ ಯೋಚಿಸಿದ. ಎಷ್ಟು ಹೊತ್ತೋ ಗೊತ್ತಿಲ್ಲ. ಹಸಿ ಸೌದೆ ಹೊಗೆಯಾಡಿತು, ಅವನು ಕೆಮ್ಮಿದ, ಕರವಸ್ತ್ರ ಬಾಯಿಗೆ ಹಿಡಿದ, ಮತ್ತೆ ಯೋಚಿಸಿದ. ಆಮೇಲೆ ಬಲಗೈ ಎತ್ತಿ ಮೇಜಿನ ಮೇಲೆ ಚಾಚಿದ. ಅದು ಡಮ್ಮಿಯ ಎಲೆಗಳ ಮೇಲೆ ಬಂತು. ತುರುಫೂ ಆಟೀನೂ ಪಕ್ಕಪಕ್ಕದ ಸಾಲು. ಕೈ ಇನ್ನೂ ಇಳಿದಿರಲಿಲ್ಲ.

ಆಗ ನಾನು ಎಲೆಗಳನ್ನು ಸರಿಯಾಗಿ ಜೋಡಿಸುವವನ ಹಾಗೆ ಬೆರಳಿಟ್ಟು, ಆಟೀನಿನ ಎಕ್ಕವನ್ನು ಸಾಲಿನಿಂದ ಒಂದು ಹೆಬ್ಬೆರಳಿನಷ್ಟು ಮುಂದಕ್ಕೆ ತಳ್ಳಿದೆ.

ಅವನ ಕೈ ಗಾಳಿಯಲ್ಲೇ ನಿಂತಿತು. ಅವನು ಎಕ್ಕವನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಡಾಕ್ಟರ ಬೆನ್ನ ಹಿಂದಿನ ಬೆಂಕಿಯನ್ನು ನೋಡಿದ. ರಾಯರು ತಮ್ಮ ಎಲೆ ನೋಡುತ್ತಿದ್ದರು, ಡಾಕ್ಟರು ಕಿಟಕಿಯ ಕಡೆಗೆ. ನಡೆದದ್ದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.

ಅಣ್ಣಯ್ಯ ಎರಡು ಬೆರಳಿನಿಂದ ಎಕ್ಕವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಸಾಲಿಗೆ ಸೇರಿಸಿದ. ಪಕ್ಕದ ತುರುಫನ್ನು ಎತ್ತಿಕೊಂಡ.

ಮೂರು ಸುತ್ತು ತುರುಫು ಆಡಿದ. ಆಮೇಲೆ ಕೈಯಿಂದ ಸಣ್ಣ ಕಳಾವರು. ರಾಯರು ಸಣ್ಣದು ಹಾಕಿದರು. ಅಣ್ಣಯ್ಯ ಡಮ್ಮಿಯ ಗುಲಾಮನನ್ನು ಆಡಿದ. ಡಾಕ್ಟರು ರಾಣಿಯನ್ನು ಹಾಕಿದರು. ಒಂದು ಸುತ್ತು ಕಡಿಮೆಯಾಗಿ ನಾವು ಸೋತೆವು.

ರಾಯರು ನಾಲ್ಕೂ ಕೈಗಳನ್ನು ಬಿಚ್ಚಿ ಮೇಜಿನ ಮೇಲೆ ಹರಡಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ.

"ನೋಡಿ ಮೇಷ್ಟ್ರೇ. ರಾಜ, ರಾಣಿ ಎರಡೂ ಡಾಕ್ಟರ ಹತ್ತಿರ. ಆಟೀನಿನ ಎಕ್ಕ ಮೊದಲು ಇಳಿಸಿ ತುರುಫೆಲ್ಲ ಓಡಿಸಿಬಿಟ್ಟಿದ್ದರೆ ಇವರಿಗೆ ಉಸಿರಾಡೋಕೆ ಜಾಗ ಇರ್ತಿರಲಿಲ್ಲ. ಗುಲಾಮನನ್ನ ನಂಬೋದು ಯಾರು ಬೇಕಾದರೂ ಮಾಡ್ತಾರಲ್ಲ. ನಿಮಗೆ ಇದು ಹೊಳೀಲಿಲ್ಲವೇ?"

ನಾನು ಅಣ್ಣಯ್ಯನ ಬಾಯಿಯನ್ನೇ ನೋಡುತ್ತಿದ್ದೆ.

"ಹೊಳೀಲಿಲ್ಲ ಸ್ವಾಮಿ," ಎಂದ ಅವನು.

"ಅಯ್ಯೋ, ಎಂಥಾ ಕೈ ಹೋಯ್ತು," ಎಂದರು ರಾಯರು. ನಿಜವಾಗಿ ನೊಂದುಕೊಂಡ ಹಾಗಿತ್ತು. ಕಾಫಿ ಬಂತು. ಕಾಫಿ ಕುಡಿದು ಹೊರಟೆವು. ಮದರಾಸಿನ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಇಳಿಜಾರಿನಲ್ಲಿ ಒಂದೇ ಕೊಡೆಯ ಕೆಳಗೆ ಬಂದೆವು. ಕೆರೆಯ ಹತ್ತಿರ ಬಂದಾಗ ನಾನು ಮಾತು ಎತ್ತಿದೆ.

"ಅಣ್ಣಯ್ಯ, ಆ ಎಕ್ಕ..."

"ಡಮ್ಮಿಯ ಎಲೆ ಸಾಲಾಗಿ ಇರಬೇಕು ಸಿದ್ದು," ಎಂದ. ಸ್ವಲ್ಪ ದೂರ ಹೋದ ಮೇಲೆ, "ಕೊಡೆ ನಿನ್ನ ಕಡೆ ಎಳಕೊ, ಹೆಗಲು ನೆನೀತಾ ಇದೆ," ಎಂದ.

ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಅಣ್ಣಯ್ಯ ಕೋಟು ಕಳಚಿ ಅವರ ಕೈಗೆ ಕೊಟ್ಟು, "ರಾಣಿ ಆ ಕಡೆ ಇದ್ಲು ಕಣೇ," ಎಂದ. ಅತ್ತಿಗೆಗೆ ಆಟ ಗೊತ್ತಿಲ್ಲ, ಅಷ್ಟು ಗೊತ್ತಾಯಿತು. ಕೋಟನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರು.

ಮಾರನೆಯ ದಿನ ನಾನು ಕೆಲಸ ಬಿಟ್ಟು ಬಂಗಲೆಗೆ ಹೋದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ: ನಾನು ನೋಡಿದೆ, ನಾನು ಸನ್ನೆ ಮಾಡಿದೆ, ಅದಕ್ಕೇ ಅವನು ಆ ದಾರಿ ಬಿಟ್ಟ, ಅವನ ಯೋಚನೆಯಲ್ಲಿ ಕುಂದಿಲ್ಲ. ಗೇಟಿನ ಹತ್ತಿರ ನಿಂತಾಗ ಇನ್ನೊಂದು ಯೋಚನೆ ಬಂತು. ರಾಯರು, ಹಾಗಾದರೆ ಎಂಟನೆಯ ಆಟವನ್ನು ಗೆದ್ದದ್ದು ಹೇಗೆ, ಅದಕ್ಕೂ ಸನ್ನೆ ಇತ್ತೇ ಎಂದು ಕೇಳಿದರೆ? ಅಣ್ಣಯ್ಯನಿಗೆ ಉಳಿದಿದ್ದ ಒಂದು ‘ಭೇಷ್’ ಕೂಡ ಹೋಗುತ್ತದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಈಗ ಯೋಚಿಸಿದರೆ ಅದು ಹೆದರಿಕೆ, ಅಷ್ಟೇ. ಗೇಟಿನ ಚಿಲಕ ಮುಟ್ಟಿ ವಾಪಸು ಬಂದೆ.

ಅಕ್ಟೋಬರಿನಲ್ಲಿ ರಾಯರು ಬೆಟ್ಟ ಇಳಿದು ಹೋದರು. ಕಾಗದ ಬರಲಿಲ್ಲ. ನವೆಂಬರಿನಲ್ಲಿ ಆಕಾಶ ತೊಳೆದ ಹಾಗೆ ನೀಲಿಯಾಗಿ ಚಳಿ ಬಿತ್ತು. ಡಿಸೆಂಬರಿನ ನಡುವೆ ಅಣ್ಣಯ್ಯ ಶಾಲೆಗೆ ಹೋಗುವುದು ನಿಂತಿತು. ಮೂರು ದಿಂಬು ಒರಗಿಸಿ ಕೂರಿಸುತ್ತಿದ್ದೆವು, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಗೌಡರು ಸೋಲೂರಿನಿಂದ ಜೇನು ತಂದುಕೊಟ್ಟರು. ಹಾಸಿಗೆಯ ಪಕ್ಕ ಕೂತು, "ಮೇಷ್ಟ್ರೇ, ನೀವು ಬರದೆ ಮುದಲಿಯಾರ್ ದಿನಾ ಗೆಲ್ತಾನೆ, ಅವನ ನಶ್ಯದ ಡಬ್ಬಿ ನೋಡೋಕಾಗಲ್ಲ, ಬೇಗ ಏಳಿ," ಎಂದು ಹೊರಗೆ ಬಂದು ರುಮಾಲಿನಿಂದ ಮುಖ ಒರೆಸಿಕೊಂಡರು.

ಒಂದು ದಿನ ಬೆಳಿಗ್ಗೆ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಅಣ್ಣಯ್ಯ ಎಲೆಗಳನ್ನು ತರಲು ಹೇಳಿದ. ತಂದೆ. ಆ ಹನ್ನೆರಡನೆಯ ಆಟವನ್ನು ಕಂಬಳಿಯ ಮೇಲೆ ಹರಡು ಎಂದ. ಹರಡಿದೆ. ಒಂದು ಎಲೆಯೂ ಮರೆತಿರಲಿಲ್ಲ ನನಗೆ.

"ನೀನಾಗಿದ್ರೆ ಇಲ್ಲಿ ಏನು ಆಡ್ತಿದ್ದೆ?"

"ಎಕ್ಕ."

"ಯಾಕೆ?"

ನನ್ನ ಹತ್ತಿರ ಇದ್ದ ಕಾರಣ ಒಂದೇ.

"ನಾನು ನೋಡಿದ್ದೆ ಅಣ್ಣಯ್ಯ."

"ಅದು ಗೊತ್ತು. ಕಾರಣ ಕೇಳ್ತಿದೀನಿ." ಉಸಿರಿಗೆ ನಿಂತ. "ಎಣಿಸು. ಡೈಮನ್ ಆರು ಅವರ ಹತ್ರ. ಡಾಕ್ಟರ ಕೈಯಲ್ಲಿ ಎರಡೇ ಅಂತ ಮೂರನೇ ಸುತ್ತಿಗೆ ಗೊತ್ತಾಯ್ತು. ಹಾಗಾದ್ರೆ ರಾಯರ ಹತ್ರ ನಾಲ್ಕು. ಡೈಮನ್ ಕಡಿಮೆ ಇರೋನ ಕೈಯಲ್ಲಿ ಬೇರೆಯವು ಜಾಸ್ತಿ. ಕಳಾವರಿನ ರಾಣಿ ಅವನ ಹತ್ರ ಇರೋ ಸಂಭವ ಜಾಸ್ತಿ, ಆಟೀನಿನ ರಾಜನೂ ಅಷ್ಟೇ. ಬೆಂಕಿ ಹತ್ರ ಹೋಗೋದೇ ಬೇಕಾಗಿರಲಿಲ್ಲ. ಕೂತ ಕಡೆಯಿಂದಲೇ ಕಾಣ್ತಿತ್ತು."

ಅಷ್ಟು ಹೇಳಲು ಅವನಿಗೆ ಬಹಳ ಹೊತ್ತು ಬೇಕಾಯಿತು. ನಾನು ಎಕ್ಕವನ್ನು ಕೈಯಲ್ಲಿ ಹಿಡಿದು ಕೇಳಿದೆ.

"ಇದು ನಿನಗೆ ಆವತ್ತೇ ಕಂಡಿತ್ತಾ? ನಾನು ತಳ್ಳೋಕೆ ಮುಂಚೆ?"

ಅವನು ನನ್ನನ್ನು ನೋಡಿದ. ಆ ಮಧ್ಯಾಹ್ನ ಮೇಜಿನ ಆಚೆಯಿಂದ ನೋಡಿದ್ದು ಹೀಗಲ್ಲ. ಇಲ್ಲಿ ಕೋಪವೂ ಇರಲಿಲ್ಲ, ಕ್ಷಮೆ ಎನ್ನುವಂಥದ್ದೂ ಇರಲಿಲ್ಲ. ಲೆಕ್ಕ ತಪ್ಪಿದ ಹುಡುಗನ ಸ್ಲೇಟನ್ನು ನೋಡುವ ಹಾಗೆ ನೋಡಿದ.

"ಎಲೆ ಎತ್ತಿಡು," ಎಂದ. "ನಿಮ್ಮತ್ತಿಗೆ ಗಂಜಿ ತರ್ತಿದಾಳೆ."

ಇನ್ನೊಂದು ಸಲ ಕೇಳಬಹುದೆಂದು ನಾನು ಅಂದುಕೊಂಡಿದ್ದೆ. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ, ಬೆಳಗಿನ ಹಿಮ ಕರಗುವ ಹೊತ್ತಿಗೆ, ಅಣ್ಣಯ್ಯ ತೀರಿಕೊಂಡ. ಅವನಿಗೆ ಮೂವತ್ತೈದಾಗಿತ್ತು.

ಅತ್ತಿಗೆ ನನ್ನನ್ನು ಎಂದೂ ಏನೂ ಕೇಳಲಿಲ್ಲ. ಅಟ್ಟದಲ್ಲಿ ಈಗ ಬ್ರಿಜ್ ಇಲ್ಲ, ಮೂವರಿಂದ ಆಗುವುದಿಲ್ಲ. ನಾನು ಒಬ್ಬನೇ ಕೆಲವೊಮ್ಮೆ ಎಲೆ ಹರಡಿ ಮೊದಲಿಂದ ಆಡಿ ನೋಡುತ್ತೇನೆ. ಮೊದಲ ಸುತ್ತು ಬಿಟ್ಟದ್ದಕ್ಕೆ ಎರಡು ಕಾರಣ ಇದ್ದವು, ಅದರಿಂದ ಏನೂ ಗೊತ್ತಾಗುವುದಿಲ್ಲ. ಡಿಸೆಂಬರಿನಲ್ಲಿ ಹೇಳಿದ ಲೆಕ್ಕ ಸೆಪ್ಟೆಂಬರಿನಲ್ಲೇ ಹಾಕಿದ್ದೋ, ಆಮೇಲೆ ಹಾಸಿಗೆಯಲ್ಲಿ ಕೂತು ಹಾಕಿದ್ದೋ, ಅದರಿಂದಲೂ ಗೊತ್ತಾಗುವುದಿಲ್ಲ. ರಾಯರಿಗೆ ‘ಹೊಳೀಲಿಲ್ಲ’ ಎಂದದ್ದು ನಿಜವಾಗಿದ್ದರೆ, ನಾನು ಸುಮ್ಮನೆ ಕೂತಿದ್ದರೂ ಅವನು ಸೋಲುತ್ತಿದ್ದ. ನಿಜವಲ್ಲದಿದ್ದರೆ, ನಾನು ಎಕ್ಕ ಮುಟ್ಟದೆ ಇದ್ದಲ್ಲಿ ಅವನು ಈಗ ಮದರಾಸಿನಲ್ಲಿರುತ್ತಿದ್ದ.

ನಾನು ಬೆರಳಿಡುವ ಮುಂಚೆ ಅವನ ಕೈ ಯಾವ ಎಲೆಗೆ ಹೊರಟಿತ್ತು ಎಂಬುದು ನನಗೆ ಗೊತ್ತಿಲ್ಲ.